ಜೆಸಿಬಿ ಕರೆಯೋ ಮುಂಚೆ ತಾತನ್ನ ಕೇಳಿ: ಕೆರೆ ಕಾಮೇಗೌಡರು ಬಿಟ್ಟುಹೋದ ಲೆಕ್ಕ

2022ರ ಅಕ್ಟೋಬರ್ 17ರಂದು ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಒಬ್ಬ ತಾತ ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ಕುರಿ ಮೇಯಿಸಿಕೊಂಡು ಬದುಕಿದವರು. ಹೆಸರು ಕಲ್ಮನೆ ಕಾಮೇಗೌಡ. ಜನ ಕರೆದದ್ದು ಕೆರೆ ಕಾಮೇಗೌಡ ಅಂತ. ಊರ ಪಕ್ಕದ ಕುಂದಿನಿ ಬೆಟ್ಟದಲ್ಲಿ ಕುರಿಗೆ, ಹಕ್ಕಿಗೆ, ಕಾಡುಪ್ರಾಣಿಗೆ ಕುಡಿಯೋ ನೀರು ಸಿಗಲಿ ಅಂತ ಒಂದಾದ ಮೇಲೊಂದು ಕಟ್ಟೆ ತೋಡುತ್ತಾ ಹೋದವರು ಇವರೇ.

ಅವರ ಫೋಟೋವನ್ನ ನಿಮ್ಮಲ್ಲಿ ಬಹಳ ಜನ ವಾಟ್ಸಾಪಿನಲ್ಲಿ ನೋಡಿರ್ತೀರಿ. 2020ರ ಜೂನ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇವರ ಹೆಸರು ಹೇಳಿದ ಮೇಲೆ ಎರಡು ವಾರ ನಮ್ಮ ಜಿಲ್ಲೆಯ ಎಲ್ಲ ಗ್ರೂಪಿನಲ್ಲೂ ಅದೇ ಫೋಟೋ. ಸ್ಟೇಟಸ್ಸಿಗೆ ಹಾಕಿದ್ದೂ ಆಯ್ತು, ಕೈ ಮುಗಿದದ್ದೂ ಆಯ್ತು. ಆದರೆ ಒಬ್ಬ ರೈತನಾಗಿ ಅವರಿಂದ ಏನು ಕಲಿಯಬಹುದು ಅನ್ನೋದನ್ನ ಯಾರೂ ಅಷ್ಟಾಗಿ ಮಾತಾಡಲಿಲ್ಲ. ಈ ವಾರ ಅದನ್ನೇ ಮಾತಾಡೋಣ ಗೆಳೆಯರೇ. ಅವರ ಬದುಕನ್ನೂ ನೆನೆಯೋಣ, ಜೊತೆಗೆ ಒಂದು ಕಟ್ಟೆಯ ಲೆಕ್ಕವನ್ನೂ ಹಾಕೋಣ.

ನಾಲೆ ಸೀಮೆಯವನಿಗೆ ಕಟ್ಟೆ ಯಾಕೆ ಬೇಕು?

ನಾನು ಕೊತ್ತತ್ತಿಯವನು. ನಮ್ಮದು ನಾಲೆ ಸೀಮೆ. ಕಬ್ಬು, ಭತ್ತ. ಕೆಆರ್‌ಎಸ್ ತುಂಬಿದರೆ ನಮಗೆ ಹಬ್ಬ, ತುಂಬದಿದ್ದರೆ ಚಳವಳಿ. ನಮ್ಮ ತಾತ ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಕೇಳ್ತಿದ್ದ ಮೊದಲ ಪ್ರಶ್ನೆಯೇ “ನಾಲೆ ಬುಟ್ಟವ್ರೇನ್ಲಾ?” ಅಂತ. ಅವನಿಗೆ ಮನೆಯೊಳಗೆ ಕೂರೋಕೇ ಆಗ್ತಿರಲಿಲ್ಲ. ಊಟ ಗದ್ದೆ ಬದೀಲಿ, ನಿದ್ದೆ ಕಣದಲ್ಲಿ. ಮಳೆ ನಕ್ಷತ್ರಗಳನ್ನ ಬೆರಳೆಣಿಸಿ ಹೇಳ್ತಿದ್ದ. ಆದರೂ ನೀರು ಅಂದ್ರೆ ಅವನ ಮನಸ್ಸಿಗೆ ಬರ್ತಿದ್ದದ್ದು ನಾಲೆಯೇ. ಮೇಲಿಂದ ಯಾರೋ ಬಿಡಬೇಕು, ನಾವು ತೂಬು ಎತ್ತಿ ಹಾಯಿಸಿಕೋಬೇಕು.

ಅದೇ ಜಿಲ್ಲೆಯ ಇನ್ನೊಂದು ಮಗ್ಗುಲು ನನಗೆ ಗೊತ್ತಾಗಿದ್ದು ಅಕ್ಕನ್ನ ಮಳವಳ್ಳಿ ಕಡೆ ಕೊಟ್ಟ ಮೇಲೆ. ಮಳವಳ್ಳಿ ತಾಲ್ಲೂಕಿನಲ್ಲೂ ನಾಲೆ ಇದೆ, ಆದರೆ ಬೆಟ್ಟದ ಬುಡದ ಊರುಗಳಿಗೆ ಅದು ಹತ್ತೋದಿಲ್ಲ. ಅಲ್ಲಿ ರಾಗಿ, ಹುರುಳಿ, ಅವರೆ, ಒಂದಿಷ್ಟು ಹಿಪ್ಪುನೇರಳೆ. ಕೈ ಹಿಡಿಯೋದು ಕುರಿ. ಇಡೀ ರಾಜ್ಯಕ್ಕೆ ಹೆಸರಾದ ಬಂಡೂರು ಕುರಿಯ ಬಂಡೂರು ಇರೋದು ಇದೇ ತಾಲ್ಲೂಕಿನಲ್ಲಿ. ಕೆಂಪು ಮಣ್ಣು, ಬಂಡೆಗಲ್ಲು, ಕುರುಚಲು. ಮಳೆ ಬಂದಾಗ ನೀರು ಬಂಡೆ ಮೇಲೆ ಜಾರಿ, ಅರ್ಧ ಗಂಟೇಲಿ ಹಳ್ಳ ಸೇರಿ ಊರೇ ಬಿಟ್ಟು ಹೋಗ್ಬಿಡುತ್ತೆ. ಮಳೆ ನಿಂತ ಎರಡು ವಾರಕ್ಕೆ ಕುರಿ ನೀರಿಗೆ ಬಾಯಿ ಬಿಡುತ್ತೆ.

ಕಾಮೇಗೌಡರು ಬೆಳೆದದ್ದು ಈ ಮಗ್ಗುಲಿನಲ್ಲಿ. ಮೇಲಿಂದ ನೀರು ಬಿಡೋರು ಅಲ್ಲಿ ಯಾರೂ ಇಲ್ಲ. ಬಿಡೋದು ಆಕಾಶ ಮಾತ್ರ, ಹಿಡಿದುಕೊಳ್ಳೋದು ನಮ್ಮ ಕೆಲಸ.

ನಾಲೆ ಸೀಮೆಯವರು “ಇದು ನಮಗಲ್ಲ” ಅಂತ ಪುಟ ತಿರುವಬೇಡಿ. 2023ನ್ನ ನೆನಪಿಸಿಕೊಳ್ಳಿ. ಮುಂಗಾರು ಕೈಕೊಟ್ಟಿತು, 124.80 ಅಡಿಯ ಕೆಆರ್‌ಎಸ್ ತುಂಬಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಆ ಬೇಸಿಗೆ ಕೊತ್ತತ್ತಿಯವರಿಗೂ ಮಳವಳ್ಳಿಯವರಿಗೂ ವ್ಯತ್ಯಾಸ ಕಡಿಮೆಯಾಗಿತ್ತು.

ಒಂದು ಬಾಯಾರಿಕೆಯಿಂದ ಶುರುವಾದದ್ದು

ಕಾಮೇಗೌಡರ ಕತೆ ಶುರುವಾಗೋದು ಒಂದು ಬಾಯಾರಿಕೆಯಿಂದ. ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡ ಹಾಗೆ, ಬೆಟ್ಟದಲ್ಲಿ ಕುರಿ ಬಿಟ್ಟುಕೊಂಡಿದ್ದಾಗ ಬಾಯಾರಿತು, ನೀರು ಸಿಗಲಿಲ್ಲ, ದೂರದ ಮನೆಯೊಂದಕ್ಕೆ ಹೋಗಿ ಕೇಳಿ ಕುಡಿದರು. ಆಗ ಅವರಿಗೆ ಹೊಳೆದದ್ದು ಇಷ್ಟು: ನನಗೆ ಬಾಯಿದೆ, ಕೇಳಿದೆ, ಕೊಟ್ಟರು. ಬಾಯಿ ಬಿಟ್ಟು ಕೇಳಲಾರದ ಪ್ರಾಣಿ ಪಕ್ಷಿ ಏನು ಮಾಡಬೇಕು?

ನಾವಾಗಿದ್ರೆ ಪಂಚಾಯ್ತಿಗೆ ಒಂದು ಅರ್ಜಿ ಬರೆದು ಸುಮ್ಮನಾಗ್ತಿದ್ವೇನೋ. ಅವರು ತೇವ ಇರೋ ಜಾಗ ಹುಡುಕಿ ಅಗೆಯೋಕೆ ಶುರು ಮಾಡಿದರು. ಹಾರೆ, ಗುದ್ದಲಿ ತರೋಕೆ ದುಡ್ಡಿರಲಿಲ್ಲ. ಕುರಿ ಮಾರಿ ತಂದರು. ಕುರಿ ಸಾಕೋರಿಗೆ ಮಾತ್ರ ಗೊತ್ತು ಅದರ ಅರ್ಥ. ಕುರಿ ಅಂದ್ರೆ ನಮ್ಮ ಬ್ಯಾಂಕು. ಅದನ್ನ ಮಾರೋದು ಮಗಳ ಮದುವೆಗೆ, ಆಸ್ಪತ್ರೆಗೆ, ಸಾಲಕ್ಕೆ. ಅವರು ಮಾರಿದ್ದು ಹಾರೆಗೆ.

ನಾಲ್ಕು ದಶಕದಷ್ಟು ಕಾಲ ಇದೇ ಕೆಲಸ. ಕುರಿ ಮೇಯಿಸೋದನ್ನ ಬಿಡಲಿಲ್ಲ, ಅದರ ನಡುವೆಯೇ ಅಗೆದರು. ಕಟ್ಟೆಗಳು ಎಷ್ಟು ಅಂತ ಕೇಳಿದರೆ ಒಬ್ಬರು 14 ಅಂತಾರೆ, ಪ್ರಧಾನಿ ಹೇಳಿದ ಲೆಕ್ಕ 16. ಜೊತೆಗೆ ಬೆಟ್ಟದಲ್ಲಿ ಸುಮಾರು ಎರಡು ಸಾವಿರ ಗಿಡ ನೆಟ್ಟರು ಅಂತ ಪತ್ರಿಕೆಗಳು ಬರೆದವು, ಅದರಲ್ಲಿ ಆಲ ಬಹಳ. 2018ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಬಸವಶ್ರೀ ಪ್ರಶಸ್ತಿಯೂ ಬಂತು. ಪ್ರಶಸ್ತಿಯ ದುಡ್ಡನ್ನ ಮನೆಗೆ ಹಾಕಲಿಲ್ಲ, ಕಟ್ಟೆಗೆ ಹಾಕಿದರು. 2020ರಲ್ಲಿ ಕೆಎಸ್‌ಆರ್‌ಟಿಸಿಯವರು ಜೀವನಪೂರ್ತಿ ಓಡಾಡೋಕೆ ಉಚಿತ ಪಾಸ್ ಕೊಟ್ಟರು.

ನನಗೆ ಇದರಲ್ಲಿ ಹೆಚ್ಚು ಮನಸ್ಸಿಗೆ ಹತ್ತಿದ್ದು ಬೇರೆ ಒಂದು ವಿಷಯ. ಕೆಲವು ಕಟ್ಟೆಗಳಿಗೆ ಅವರು ಮೊಮ್ಮಕ್ಕಳ ಹೆಸರಿಟ್ಟಿದ್ದರು. ನಮ್ಮ ಕಡೆ ತಾತಂದಿರು ಮೊಮ್ಮಕ್ಕಳಿಗೆ ಏನು ಕೊಡ್ತಾರೆ? ಓಲೆ, ಉಂಗುರ, ಒಂದು ಹಸು, ಹತ್ತು ಗುಂಟೆ. ಈ ತಾತ ಕೊಟ್ಟಿದ್ದು ಒಂದು ನೀರಿನ ಗುಂಡಿ. ಅದನ್ನ ಮಾರೋಕಾಗಲ್ಲ, ಅಡ ಇಡೋಕಾಗಲ್ಲ. ಮಾಡಬಹುದಾದ್ದು ಒಂದೇ: ವರ್ಷಕ್ಕೊಮ್ಮೆ ಹೂಳು ತೆಗೆಯೋದು. ನೋಡಿಕೊಳ್ಳೋರು ಇಲ್ಲದಿದ್ರೆ ಎಷ್ಟು ದೊಡ್ಡ ಮನುಷ್ಯ ತೋಡಿದ ಕಟ್ಟೆಯಾದರೂ ಹತ್ತು ಮಳೆಗಾಲಕ್ಕೆ ಹೂಳು ತುಂಬಿ ನೆಲಸಮ. ಹೆಸರಿಡೋದು ಅಂದ್ರೆ ಪ್ರೀತಿಯೂ ಹೌದು, ಜವಾಬ್ದಾರಿ ವಹಿಸೋದೂ ಹೌದು.

ಭಾವನ ಹೊಲದಲ್ಲಿ

ಈ ಮಾತೆಲ್ಲ ನನಗೆ ಬರೀ ಕತೆಯಾಗಿ ಉಳಿಯದೆ ಇರೋಕೆ ಕಾರಣ ನಮ್ಮ ಭಾವ. ಅವರಿಗೆ ಮೂರು ಎಕರೆ ಖುಷ್ಕಿ, ಎಪ್ಪತ್ತು ಕುರಿ ಇತ್ತು. ಮೂರೂವರೆ ಲಕ್ಷ ಸುರಿದು ಎರಡು ಬೋರು ಕೊರೆಸಿದ್ರು. ಎರಡರಲ್ಲೂ ಬರೀ ಧೂಳು. 2024ರ ಬೇಸಿಗೆಯಲ್ಲಿ ದಿನಾ ಟ್ಯಾಂಕರ್ ನೀರು ಕೊಂಡು ಕುರಿಗೆ ಕುಡಿಸ್ತಿದ್ರು. ಕೊನೆಗೆ ಮೂವತ್ತು ಕುರಿಯನ್ನ ಬಂದ ರೇಟಿಗೆ ಮಾರಿದ್ರು. ಬರದಲ್ಲಿ ಎಲ್ಲರೂ ಮಾರೋರೇ, ಕೊಳ್ಳೋರು ಯಾರು?

“ಬೋರ್‌ಗಾಕಿದ್ ದುಡ್ಡ ಭೂಮಿ ನುಂಗ್ತು. ಕುರಿ ಮಾರಿದ್ ದುಡ್ಡ ಟ್ಯಾಂಕರ್‌ನವ್ನು ನುಂಗ್ದ. ಇನ್ನೇನ್ ಉಳೀತು ಕಣಪ್ಪ?” ಅಂದ್ರು ಒಂದು ದಿನ. ಮೂರನೇ ಬೋರಿಗೆ ಒಡವೆ ಅಡ ಇಡೋ ಮಾತು ಮನೇಲಿ ನಡೀತಿತ್ತು. ಅಕ್ಕ ಅದಕ್ಕೇ ನನ್ನ ಕರೆಸಿದ್ದಳು.

ಬೋರು ಬೇಡ, ಕಟ್ಟೆ ತೋಡೋಣ ಅಂತ ಮಾತಾಯ್ತು. ಮೇ ತಿಂಗಳಲ್ಲಿ ಜೆಸಿಬಿಯವನು ಬಂದ. ರಸ್ತೆಗೆ ಹತ್ತಿರ, ಗಾಡಿ ಸುಲಭವಾಗಿ ಹೋಗುತ್ತೆ ಅಂತ ಹೊಲದ ಮೇಲಿನ ಮೂಲೆ ತೋರಿಸಿದ. ಭಾವನೂ ಸರಿ ಅಂದ್ರು. ಭಾವನ ಅಪ್ಪ, ಎಪ್ಪತ್ತೆಂಟು ವರ್ಷದ ಮಾವ, ಕೋಲೂರಿಕೊಂಡು ಬಂದು ನಿಂತು ನೋಡಿದ್ರು.

“ಅಲ್ಲೇನ್ ತೋಡೀರ್ಲಾ? ಅಲ್ ನೀರು ನಿಲ್ಲಾಕಿಲ್ಲ. ಓ ಅಲ್ ನೋಡು, ಲಕ್ಕಿ ಗಿಡ ಐತಲ್ಲ, ಅದರ ಬುಡಕ್ ತೋಡು. ನಾವು ಐಕ್ಳಾಗಿದ್ದಾಗ ಅಲ್ಲಿ ಎಮ್ಮೆ ಬಿದ್ಕತಿದ್ವು.”

ನಲವತ್ತು ವರ್ಷದ ಹಿಂದೆ ಟ್ರ್ಯಾಕ್ಟರಿನಲ್ಲಿ ಮಟ್ಟ ಮಾಡಿ ಮುಚ್ಚಿಹೋಗಿದ್ದ ಹಳೇ ನೀರ್ದಾರಿ ಅದು. ನಮ್ಮ ಕಣ್ಣಿಗೆ ಬರೀ ಹೊಲ. ಅವರ ಕಣ್ಣಿಗೆ ಎಮ್ಮೆ ಮಲಗಿದ್ದ ಕೊರಕಲು. ಜೆಸಿಬಿಯವನು ಗೊಣಗಿಕೊಂಡೇ ಕೆಳಗಿಳಿದ. ಐದಡಿ ಹೋಗೋಷ್ಟರಲ್ಲಿ ಕೆಂಪು ಗರಸು ಮುಗಿದು ಅಂಟು ಮಣ್ಣು ಸಿಕ್ತು. ನೀರು ಹಿಡಿಯೋ ಮಣ್ಣು ಅದೇ.

ಅದಕ್ಕೇ ಹೇಳೋದು, ಕಟ್ಟೆ ತೋಡೋ ಕೆಲಸದಲ್ಲಿ ಮೊದಲ ಸಲಕರಣೆ ಹಾರೆಯೂ ಅಲ್ಲ, ಜೆಸಿಬಿಯೂ ಅಲ್ಲ. ಆ ನೆಲದ ಮೇಲೆ ಐವತ್ತು ಅರವತ್ತು ವರ್ಷ ಬರಿಗಾಲಲ್ಲಿ ಓಡಾಡಿದ ಒಬ್ಬರ ನೆನಪು. ಕಾಮೇಗೌಡರು ಶಾಲೆ ಕಲಿತವರಲ್ಲ, ಇಂಜಿನಿಯರ್ ಅಲ್ಲ. ಆದರೆ ಕುರಿ ಹಿಂದೆ ಅದೇ ಬೆಟ್ಟವನ್ನ ದಿನಾ ಸುತ್ತಿದ ಮನುಷ್ಯನಿಗೆ ಯಾವ ಬಂಡೆಯ ನೀರು ಎಲ್ಲಿಗೆ ಇಳಿಯುತ್ತೆ, ಎಲ್ಲಿ ಹಸಿರು ಕೊನೇವರೆಗೂ ಉಳಿಯುತ್ತೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥೋರು ನಿಮ್ಮ ಮನೇಲೂ ಒಬ್ಬರು ಇದ್ದಾರೆ. ಜಗಲಿ ಮೇಲೆ ಕೂತಿದ್ದಾರೆ. ನಾವು ಕೇಳ್ತಿಲ್ಲ ಅಷ್ಟೆ.

ಫೋನ್ ತೆಗೀರಿ, ಲೆಕ್ಕ ಹಾಕೋಣ

ಈಗ ಕಾಲ್ಕ್ಯುಲೇಟರ್ ತೆಗೀರಿ. ನೆನಪಿಡಬೇಕಾದ್ದು ಒಂದೇ ಸೂತ್ರ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

ಒಂದು ಎಕರೆ ಅಂದ್ರೆ 4,047 ಚದರ ಮೀಟರ್. 25 ಮಿ.ಮೀ. ಮಳೆ, ಅಂದ್ರೆ ಒಂದು ಜೋರು ಮಳೆ ಬಿದ್ದರೆ ಆ ಎಕರೆಗೆ ಒಂದು ಲಕ್ಷ ಲೀಟರ್ ನೀರು ಬಿತ್ತು ಅಂತ ಅರ್ಥ. ಉಳುಮೆ ಮಾಡಿದ ಹೊಲದಲ್ಲಿ ಬಹುಪಾಲು ಇಂಗುತ್ತೆ, ಒಂದು ಪಾಲು ಮಾತ್ರ ಹರಿಯುತ್ತೆ. ಬಂಡೆ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಎಲ್ಲವೂ ಹರಿಯುತ್ತೆ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳೋ ಸರಾಸರಿ ಮಳೆ ಸುಮಾರು 700 ಮಿ.ಮೀ. ಕಾಮೇಗೌಡರು ಬೆಟ್ಟದಲ್ಲಿ ತೋಡಿದ್ದರ ಗುಟ್ಟು ಇಲ್ಲಿದೆ. ನಾವು ಬಂಡೆಯನ್ನ ಬರಡು ಅಂತೀವಿ. ನೀರು ಹಿಡಿಯೋನಿಗೆ ಬಂಡೆಯಷ್ಟು ಒಳ್ಳೇ ಛಾವಣಿ ಇನ್ನೊಂದಿಲ್ಲ.

ಈಗ ಗುಂಡಿಯ ಲೆಕ್ಕ. ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ. ನಾಲ್ಕೂ ಕಡೆ ಇಳಿಜಾರು ಬಿಟ್ಟು ತಳ 4 ಮೀಟರಿಗೆ 4 ಮೀಟರ್ ಆಗುತ್ತೆ. ಇದರಲ್ಲಿ ಹಿಡಿಯೋದು ಸುಮಾರು 1 ಲಕ್ಷ 56 ಸಾವಿರ ಲೀಟರ್. ಭಾವನ ಹೊಲದಲ್ಲಿ ತೋಡಿದ್ದು ಇದೇ ಅಳತೆ. ಒಂದೂವರೆ ದಿನದ ಜೆಸಿಬಿ ಕೆಲಸ.

ಕುಡಿಯೋರು ಯಾರು? ಬೇಸಿಗೆಯಲ್ಲಿ ಒಂದು ಕುರಿಗೆ ದಿನಕ್ಕೆ ಸುಮಾರು 5 ಲೀಟರ್ ಇಟ್ಟುಕೊಳ್ಳಿ. ನಲವತ್ತು ಕುರಿಗೆ 200 ಲೀಟರ್. ಆ ಲೆಕ್ಕದಲ್ಲಿ ತುಂಬಿದ ಕಟ್ಟೆ ಎರಡು ವರ್ಷ ಬರಬೇಕು! ಆದರೆ ಬರಲ್ಲ. ಯಾಕಂದ್ರೆ ಲೆಕ್ಕಕ್ಕೆ ಸಿಗದ ಇನ್ನಿಬ್ಬರು ಕುಡಿಯೋರಿದ್ದಾರೆ: ಬಿಸಿಲು ಮತ್ತು ನೆಲ.

ಬೇಸಿಗೆ ಬಿಸಿಲಿಗೆ ದಿನಕ್ಕೆ 6 ಮಿ.ಮೀ. ನೀರು ಆವಿಯಾಗುತ್ತೆ ಅಂತ ಇಟ್ಟುಕೊಂಡರೆ, 100 ಚದರ ಮೀಟರ್ ನೀರಿನ ಮೈಯಿಂದ ದಿನಕ್ಕೆ 600 ಲೀಟರ್ ಹೋಯ್ತು. ಅಂದ್ರೆ ಸೂರ್ಯ ನಲವತ್ತು ಕುರಿಗಿಂತ ಮೂರು ಪಟ್ಟು ಕುಡೀತಾನೆ. ಕಟ್ಟೆಯ ಸುತ್ತ ಮರ ಬೆಳೆಸೋದು ಬರೀ ಪುಣ್ಯಕ್ಕಲ್ಲ ಅನ್ನೋದು ಈ ಲೆಕ್ಕ ಹಾಕಿದಾಗ ಗೊತ್ತಾಗುತ್ತೆ. ನೆರಳಿದ್ದರೆ, ಗಾಳಿಗೆ ತಡೆಯಿದ್ದರೆ ಆವಿ ಕಡಿಮೆ. ಆಲದ ಹಣ್ಣಿಗೆ ಹಕ್ಕಿ ಬರುತ್ತೆ, ನೀರೂ ಉಳಿಯುತ್ತೆ.

ಇನ್ನು ನೆಲ. ಗರಸು ಮಣ್ಣಾದರೆ ಸೂರ್ಯನಿಗಿಂತ ಜಾಸ್ತಿ ಅದೇ ಕುಡಿಯುತ್ತೆ. ಮಾವ ಇದಕ್ಕೂ ಒಂದು ದಾರಿ ಹೇಳಿದ್ರು. ಕೆರೆಯ ಗೋಡು ಮಣ್ಣು ತಂದು ತಳಕ್ಕೆ ಹರಡಿ, ನೀರು ಚಿಮುಕಿಸಿ, ಮೂರು ದಿನ ಕುರಿಗಳನ್ನ ಅದರೊಳಗೇ ಕೂಡಿ ತುಳಿಸಿದ್ರು. ಕುರಿಯ ಗೊರಸು ಸಣ್ಣ, ಒತ್ತು ಜಾಸ್ತಿ. ತಳ ಗಾರೆ ಹಾಕಿದ ಹಾಗೆ ಗಟ್ಟಿಯಾಯ್ತು. ಪ್ಲಾಸ್ಟಿಕ್ ಹೊದಿಕೆ ಹಾಕೋಕೆ ಆಗದವರಿಗೆ ಇದು ಒಳ್ಳೇ ಉಪಾಯ.

ಆ ವರ್ಷದ ಹಿಂಗಾರು ಮಳೆಗೆ ಕಟ್ಟೆ ತುಂಬಿತು. ಶಿವರಾತ್ರಿವರೆಗೆ ನೀರಿತ್ತು, ಆಮೇಲೆ ತಳ ಕಂಡಿತು. ಪವಾಡ ಏನೂ ಆಗಲಿಲ್ಲ. ಆದರೆ ನಾಲ್ಕು ತಿಂಗಳು ಟ್ಯಾಂಕರ್ ಬರಲಿಲ್ಲ, ಕುರಿ ಮಾರಲಿಲ್ಲ, ಅಕ್ಕನ ಒಡವೆ ಪೆಟ್ಟಿಗೆಯಲ್ಲೇ ಉಳೀತು. ಕಟ್ಟೆಯ ಕೆಳಗಿನ ಅರ್ಧ ಎಕರೆ ಅವರೆ ಆ ವರ್ಷ ಬಾಡಲಿಲ್ಲ. ನೆಲ ಕುಡಿದ ನೀರು ಎಲ್ಲೂ ಹೋಗಿರಲಿಲ್ಲ ನೋಡಿ.

ತೋಡೋ ಮುಂಚೆ ಇಷ್ಟು ಮಾಡಿ

1. ಮಳೆ ಬರುವಾಗ ವಿಡಿಯೋ ಮಾಡಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಧಾನ ಆಗುತ್ತೆ, ಎಲ್ಲಿಂದ ಆಚೆ ಹೋಗುತ್ತೆ ಅಂತ ಫೋನಿನಲ್ಲಿ ಹಿಡಿರಿ. ನೀರು ನಿಧಾನ ಆಗೋ ಜಾಗವೇ ಕಟ್ಟೆಯ ಜಾಗ. ಗುಡುಗು ಸಿಡಿಲು ಇದ್ದಾಗ ಮಾತ್ರ ಬಯಲಿಗೆ ಇಳಿಯಬೇಡಿ.

2. ಆ ವಿಡಿಯೋನ ತಾತನಿಗೋ ಅಜ್ಜಿಗೋ ತೋರಿಸಿ. “ಮುಂಚೆ ನೀರು ಹಿಂಗೇ ಹೋಗ್ತಿತ್ತಾ?” ಅಂತ ಕೇಳಿ. ಹಳೇ ಹಳ್ಳ, ಮುಚ್ಚಿಹೋದ ಕಟ್ಟೆ, ಹೊಂಡದ ಹೆಸರು, ಲಕ್ಕಿ, ಅತ್ತಿ ಇದ್ದ ಜಾಗ ಕೇಳಿ. ಆಗದಿದ್ದರೆ ಅವರ ಮಾತನ್ನ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಈ ಮಾಹಿತಿ ಯಾವ ಆ್ಯಪಿನಲ್ಲೂ ಸಿಗಲ್ಲ, ಮತ್ತೆ ಕೇಳೋಣ ಅಂದಾಗ ಅವರು ಇರ್ತಾರೆ ಅನ್ನೋ ಗ್ಯಾರಂಟಿಯೂ ಇಲ್ಲ.

3. ಜಾಗ ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಿ. ನಿಂತ ಜಾಗ ಯಾವ ಸರ್ವೆ ನಂಬರಿಗೆ ಸೇರಿದೆ ಅನ್ನೋದನ್ನ ‘ದಿಶಾಂಕ್’ ಆ್ಯಪಿನಲ್ಲಿ ನೋಡಬಹುದು. ಗೋಮಾಳ, ಬೆಟ್ಟ, ಅರಣ್ಯದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯಬೇಡಿ. ಕಾಮೇಗೌಡರು ಮಾಡಿದ ಕೆಲಸವನ್ನ ಊರಿನ ಬೆಟ್ಟದಲ್ಲಿ ಮಾಡೋ ಆಸೆ ಇದ್ದರೆ ಪಂಚಾಯ್ತಿ ಮೂಲಕ, ಊರವರನ್ನ ಜೊತೆಗೆ ಕಟ್ಟಿಕೊಂಡು ಮಾಡಿ.

4. ಸಹಾಯಧನ ವಿಚಾರಿಸಿ. ಕೃಷಿ ಹೊಂಡ, ತಂತಿ ಬೇಲಿ, ಹೊದಿಕೆಗೆ ‘ಕೃಷಿ ಭಾಗ್ಯ’ದಂಥ ಯೋಜನೆಗಳಿವೆ. ಈ ವರ್ಷ ನಿಮ್ಮ ಹೋಬಳಿಗೆ ಏನಿದೆ, ಎಷ್ಟಿದೆ ಅನ್ನೋದನ್ನ ಅಗೆಯೋ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಗೆದ ಮೇಲೆ ಕೇಳಿದರೆ ಅರ್ಜಿ ನಿಲ್ಲೋದು ಕಷ್ಟ. ಮಣ್ಣು, ಇಳಿಜಾರಿನ ಅನುಮಾನ ಇದ್ದರೆ ಮಂಡ್ಯದ ವಿ.ಸಿ. ಫಾರ್ಮಿಗೆ ಹೋಗಿ ಬನ್ನಿ.

ತೋಡುವಾಗ, ತೋಡಿದ ಮೇಲೆ

5. ಹೂಳು ಗುಂಡಿ ಮರೆಯಬೇಡಿ. ನೀರು ಕಟ್ಟೆಗೆ ಬೀಳೋ ಮುಂಚೆ ಒಂದು ಚಿಕ್ಕ ಗುಂಡಿ ಮಾಡಿ. ಮಣ್ಣು ಅಲ್ಲಿ ಕೂತು ತಿಳಿ ನೀರು ಮುಂದೆ ಹೋಗುತ್ತೆ. ನೀರು ಬೀಳೋ ಬಾಯಿಗೆ ಕಲ್ಲು ಹಾಸಿ, ಇಲ್ಲದಿದ್ರೆ ಮೊದಲ ಮಳೆಗೇ ದಡ ಕೊರೆದು ಬೀಳುತ್ತೆ.

6. ಕೋಡಿ ಬಿಡಿ. ತುಂಬಿದ ಮೇಲೆ ಹೆಚ್ಚಾದ ನೀರು ಹೋಗೋಕೆ ಒಂದು ಕಡೆ ದಾರಿ ಇರಲೇಬೇಕು. ಇಳಿಜಾರಿನ ಹೊಲವಾದರೆ ಮೇಲಿನ ಕಟ್ಟೆಯ ಕೋಡಿ ಕೆಳಗಿನ ಕಟ್ಟೆಗೆ ಬೀಳೋ ಹಾಗೆ ಮಾಡಿ. ಒಂದು ದೊಡ್ಡ ಕಟ್ಟೆಗಿಂತ ಮೆಟ್ಟಿಲ ಹಾಗೆ ಎರಡು ಮೂರು ಚಿಕ್ಕವು ಒಳ್ಳೇದು. ಒಂದು ಒಡೆದರೂ ಇನ್ನೊಂದು ಉಳಿಯುತ್ತೆ.

7. ಏರಿ ಮೇಲೆ ಲಾವಂಚ, ಪಡುವಣಕ್ಕೆ ಮರ. ಏರಿಯ ಮಣ್ಣು ಹಿಡಿಯೋಕೆ ಲಾವಂಚದ ಹುಲ್ಲು ಸಾಕು. ಮಧ್ಯಾಹ್ನದ ಬಿಸಿಲು ತಡೆಯೋಕೆ ಪಶ್ಚಿಮದ ಕಡೆ ಹೊಂಗೆ, ಬೇವು ಹಾಕಿ. ಏರಿ ಮೇಲೇ ದೊಡ್ಡ ಮರ ಬೇಡ, ಬೇರು ಏರಿಯನ್ನ ಸೀಳುತ್ತೆ. ಆಲವನ್ನ ಕಟ್ಟೆಯಿಂದ ಇನ್ನೂ ದೂರದಲ್ಲಿ, ಅದು ಹರಡೋಕೆ ಜಾಗ ಬಿಟ್ಟು ನೆಡಿ.

8. ಕುರಿಯನ್ನ ನೀರಿಗೆ ಇಳಿಸಬೇಡಿ. ತಳ ತುಳಿಸೋದು ನೀರು ತುಂಬೋ ಮುಂಚೆ. ತುಂಬಿದ ಮೇಲೆ ಕುರಿ ಇಳಿದರೆ ನೀರು ಗಲೀಜು, ದಡದ ಹುಲ್ಲಿನ ಬಸವನಹುಳುವಿನಿಂದ ಈಲಿಯ ಚಪ್ಪಟೆ ಹುಳ ಹತ್ತೋ ಅಪಾಯ ಬೇರೆ. ಆಚೆ ಒಂದು ತೊಟ್ಟಿ ಮಾಡಿ, ಪೈಪಿನಲ್ಲೋ ಬಿಂದಿಗೆಯಲ್ಲೋ ತುಂಬಿಸಿ. ತೊಟ್ಟಿಯ ಅಂಚು ತಗ್ಗಿರಲಿ, ಸಂಜೆ ಹಕ್ಕಿಯೂ ಕೂತು ಕುಡಿಯುತ್ತೆ.

9. ಬೇಲಿ, ಹಗ್ಗ, ಟ್ಯೂಬು. ಇದನ್ನ ಎರಡು ಸಲ ಓದಿ. ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ನಾವು ಪ್ರತಿ ವರ್ಷ ಓದ್ತೀವಿ. ಪ್ಲಾಸ್ಟಿಕ್ ಹೊದಿಸಿದ ಹೊಂಡ ಇನ್ನೂ ಅಪಾಯ. ಅದು ಜಾರುತ್ತೆ, ಈಜು ಬರೋ ದೊಡ್ಡವರೂ ಹತ್ತಿ ಬರಲಾರರು. ಸುತ್ತ ಬೇಲಿ, ಬಾಗಿಲಿಗೆ ಬೀಗ, ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ ಗಂಟು ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬು ಒಂದೆರಡು. ಇಷ್ಟಕ್ಕೆ ದುಡ್ಡಿಲ್ಲ ಅಂದ್ರೆ ದುಡ್ಡು ಬರೋವರೆಗೆ ಕಟ್ಟೆಯನ್ನೇ ತೋಡಬೇಡಿ.

10. ಯುಗಾದಿ ಆದ ಮೇಲೆ ಹೂಳು ತೆಗೆಯಿರಿ. ತಳ ಒಣಗಿದಾಗ ಮನೆಮಂದಿಯೆಲ್ಲ ಸೇರಿ ಒಂದು ದಿನ. ಆ ಹೂಳು ನಿಮ್ಮ ಹೊಲದಿಂದಲೇ ಹೋದ ಮೇಲ್ಮಣ್ಣು, ಗೊಬ್ಬರದಂಥದ್ದು. ವಾಪಸ್ ಹೊಲಕ್ಕೇ ಹಾಕಿ. ತೆಗೆಯೋ ಮುಂಚೆ, ತೆಗೆದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದಿಡಿ. ಐದು ವರ್ಷದ ಫೋಟೋ ಸಾಲಾಗಿ ನೋಡಿದರೆ ನಿಮ್ಮ ಕಟ್ಟೆಯ ಜಾತಕವೇ ಕಾಣುತ್ತೆ.

ತಾತಂದಿರ ಪಾಲು

ಕಾಮೇಗೌಡರ ಹಾಗೆ ಬೆಟ್ಟದಲ್ಲಿ ನಲವತ್ತು ವರ್ಷ ಅಗೆಯಿರಿ ಅಂತ ನಾನು ಯಾರಿಗೂ ಹೇಳಲ್ಲ. ಸಾಲ, ಸಂಸಾರ, ಮಕ್ಕಳ ಫೀಸು ಇಟ್ಟುಕೊಂಡ ರೈತನಿಗೆ ಅದು ಆಗೋ ಮಾತಲ್ಲ. ಅವರನ್ನ ದೇವರ ಪಟ್ಟಕ್ಕೆ ಏರಿಸಿ ಕೈ ಮುಗಿಯೋದರಿಂದ ನಮಗೆ ಒಂದು ಅನುಕೂಲ ಆಗುತ್ತೆ: “ಅವರು ದೊಡ್ಡೋರು, ನಮ್ಮ ಕೈಲಿ ಆಗಲ್ಲ” ಅಂತ ಜಾರಿಕೊಳ್ಳಬಹುದು. ಆದರೆ ಅವರು ಮಾಡಿದ್ದನ್ನ ಬಿಡಿಸಿ ನೋಡಿದರೆ ಒಂದೊಂದೂ ನಮ್ಮ ಕೈಗೆ ಸಿಗೋದೇ. ನೆಲ ನೋಡೋದು, ನೀರಿನ ದಾರಿ ತಿಳಿಯೋದು, ಇರೋ ಹಾರೆಯಲ್ಲಿ ಶುರು ಮಾಡೋದು, ಗಿಡ ನೆಡೋದು, ಮತ್ತೆ ನಾಳೆ ಬರೋದು. ಅವರಲ್ಲಿ ನಿಜಕ್ಕೂ ದೊಡ್ಡದು ಅಂದ್ರೆ ಆ ಕೊನೇದು, ಮತ್ತೆ ನಾಳೆ ಬರೋದು.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಈಗ ವಯಸ್ಸಾದವರಿಗೆ ಕೆಲಸ ಇಲ್ಲ. ಉಳುಮೆ ಟ್ರ್ಯಾಕ್ಟರಿಗೆ ಹೋಯ್ತು, ಬೀಜ ಅಂಗಡಿಗೆ ಹೋಯ್ತು, ಮಳೆ ಯಾವಾಗ ಅನ್ನೋದು ಫೋನಿಗೆ ಹೋಯ್ತು. ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದ ಜೀವ ಟಿವಿ ಮುಂದೆ ಕೂತಿದೆ. ಭಾವನ ಕಟ್ಟೆ ಆದ ಮೇಲೆ ಮಾವ ದಿನಾ ಬೆಳಗ್ಗೆ ಕೋಲೂರಿಕೊಂಡು ಅಲ್ಲಿಗೆ ಹೋಗ್ತಾರೆ. ಕೋಲಿಗೆ ಗೀಟು ಹಾಕಿಕೊಂಡಿದ್ದಾರೆ. ನೀರಿನ ಅಂಚಿಗೆ ಇಳಿಬಿಟ್ಟು ನೋಡಿ ಬಂದು “ಇವತ್ತು ಅರ್ಧ ಗೇಣು ಇಳಿದೈತೆ” ಅಂತ ಮೊಮ್ಮಗಳಿಗೆ ಹೇಳ್ತಾರೆ. ಅವಳು ಅದನ್ನ ಕ್ಯಾಲೆಂಡರಿನಲ್ಲಿ ಬರೀತಾಳೆ. ಒಂಬತ್ತು ವರ್ಷದ ಹುಡುಗಿ ಮತ್ತು ಎಪ್ಪತ್ತೆಂಟರ ತಾತ ಸೇರಿ ಬರೆದ ಆ ಕ್ಯಾಲೆಂಡರ್ ನೋಡಿಯೇ ಕಟ್ಟೆಯಲ್ಲಿ ನೀರು ಹೇಗೆ ಇಳೀತು ಅಂತ ನಾನು ಲೆಕ್ಕ ಹಾಕಿದ್ದು.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ತಾತನ್ನೋ ಅಜ್ಜಿಯನ್ನೋ ಬೈಕಿನ ಹಿಂದೆ ನಿಧಾನವಾಗಿ ಕೂರಿಸಿಕೊಂಡು ಹೊಲಕ್ಕೆ ಕರ್ಕೊಂಡು ಹೋಗಿ. ಮೂರು ಪ್ರಶ್ನೆ ಕೇಳಿ: ಮುಂಚೆ ನೀರು ಎಲ್ಲಿ ನಿಲ್ತಿತ್ತು? ಯಾವ ಮಳೆಗೆ ತುಂಬ್ತಿತ್ತು? ಯಾವಾಗ ಒಣಗ್ತಿತ್ತು? ಅವರು ತೋರಿಸಿದ ಜಾಗದಲ್ಲಿ ಒಂದು ಕಲ್ಲು ನೆಡಿ, ಫೋಟೋ ತೆಗೀರಿ. ಮುಂದಿನ ಜೋರು ಮಳೆಗೆ ಅಲ್ಲಿಗೇ ಹೋಗಿ ನೋಡಿ. ನೀರು ಅಲ್ಲಿ ನಿಂತಿದ್ದರೆ ನಿಮ್ಮ ಕಟ್ಟೆಗೆ ಜಾಗ ಸಿಕ್ಕಿತು. ಹೆಸರು ಏನಿಡಬೇಕು ಅನ್ನೋದನ್ನ ಮನೆಯ ಮಕ್ಕಳಿಗೆ ಬಿಡಿ. ಹೆಸರಿನ ಜೊತೆ ಒಂದು ಮಂಕರಿ, ಒಂದು ಸನಿಕೆಯನ್ನೂ ಅವರ ಕೈಗೆ ಕೊಡಿ.